ತೊಟ್ಟಿಲಿಗೆ ಬರುವ ಮೊದಲೇ ಮಗು ಬೆಳೆಯಬೇಕು

“ಜಾಸ್ತಿ ತಿನ್ಬೇಡ ಮಗಳೇ, ಮಗು ದೊಡ್ಡದಾದ್ರೆ ಹೆರಿಗೆ ಕಷ್ಟ ಆಗ್ತದೆ.”

ಬಸುರಿ ಹೆಣ್ಣುಮಗಳು ಎರಡನೇ ಸಲ ಅನ್ನ ಬಡಿಸಿಕೊಂಡರೆ ಸಾಕು, ನಮ್ಮಲ್ಲಿ ಹಿರಿಯರು ಯಾರಾದರೂ ಈ ಮಾತು ಹೇಳಿಬಿಡುತ್ತಾರೆ. ನನಗೂ ಹೇಳಿದ್ದರು. ಚೊಚ್ಚಲ ಬಸುರಿನಲ್ಲಿ ನಾನು ಅದನ್ನು ಪಾಲಿಸಿದೆ. ಹೆರಿಗೆಯೇನೂ ಸುಲಭವಾಗಲಿಲ್ಲ, ಮಗು ಮಾತ್ರ ಬರೀ 2 ಕಿಲೋ 100 ಗ್ರಾಂ ಇತ್ತು. ಹಾಲು ಚೀಪಲೂ ತ್ರಾಣವಿಲ್ಲದ ಆ ಕೂಸನ್ನು ನಮ್ಮ ಕೊಡಗಿನ ಮಳೆಗಾಲದ ಚಳಿಯಲ್ಲಿ ಎದೆಗವಚಿಕೊಂಡು ಕಳೆದ ರಾತ್ರಿಗಳನ್ನು ಮರೆಯುವುದುಂಟೇ? ಈಗ ನನ್ನ ತಂಗಿಯ ಮಗಳು ಐದು ತಿಂಗಳ ಬಸುರಿ. ಮೊನ್ನೆ ಊಟಕ್ಕೆ ಕೂತಾಗ ಅವಳ ಕಿವಿಗೂ ಅದೇ ಮಾತು ಬಿತ್ತು. ಅದಕ್ಕೇ ಇದನ್ನು ಬರೆಯುತ್ತಿದ್ದೇನೆ.

ಹುಟ್ಟಿದ ಮಗು ಎರಡೂವರೆ ಕಿಲೋಗಿಂತ ಕಡಿಮೆಯಿದ್ದರೆ ಅದು ಕಡಿಮೆ ತೂಕದ ಮಗು. ಅಂಥ ಮಕ್ಕಳಿಗೆ ಸೋಂಕು ಬೇಗ ತಗಲುತ್ತದೆ, ಎತ್ತರ-ತೂಕ ಏರುವುದೂ ನಿಧಾನ. ಅದರ ಪರಿಣಾಮ ಬಾಲ್ಯಕ್ಕೇ ಮುಗಿಯುವುದಿಲ್ಲ. ಮೈಸೂರಿನ ಮಂಡಿ ಮೊಹಲ್ಲಾದಲ್ಲಿರುವ ಹೋಲ್ಡ್ಸ್‌ವರ್ತ್ ಸ್ಮಾರಕ ಆಸ್ಪತ್ರೆಯನ್ನು ಹಲವರು ಮಿಷನ್ ಆಸ್ಪತ್ರೆ ಎಂದೇ ಬಲ್ಲರು. ಅಲ್ಲಿ 1934ರಿಂದಲೂ ಹುಟ್ಟಿದ ಮಕ್ಕಳ ತೂಕ, ಉದ್ದ, ತಲೆಯ ಸುತ್ತಳತೆಯನ್ನು ಬರೆದಿಡಲಾಗಿತ್ತು. 1934ರಿಂದ 1954ರೊಳಗೆ ಅಲ್ಲಿ ಹುಟ್ಟಿದ 517 ಮಂದಿಯನ್ನು ಡೇವಿಡ್ ಬಾರ್ಕರ್, ಕ್ಯಾರೊಲಿನ್ ಫಾಲ್ ಮೊದಲಾದ ವೈದ್ಯರ ತಂಡ ಪರೀಕ್ಷಿಸಿತು. 1996ರಲ್ಲಿ ಫಲಿತಾಂಶ ಹೊರಬಂತು. ಹುಟ್ಟಿದಾಗ ಎರಡೂವರೆ ಕಿಲೋ ಅಥವಾ ಅದಕ್ಕೂ ಕಡಿಮೆ ಇದ್ದವರಲ್ಲಿ ನೂರಕ್ಕೆ 11 ಜನರಿಗೆ ಹೃದ್ರೋಗವಿತ್ತು. 3.1 ಕಿಲೋ ಅಥವಾ ಹೆಚ್ಚು ಇದ್ದವರಲ್ಲಿ ನೂರಕ್ಕೆ 3 ಮಾತ್ರ! ಮಗುವೂ ಸಣ್ಣದು, ತಾಯಿಯ ತೂಕವೂ ಬಸುರಿನಲ್ಲಿ 45 ಕಿಲೋಗಿಂತ ಕಡಿಮೆ ಎಂದಾದರೆ ಕಾಯಿಲೆ ಇನ್ನೂ ಹೆಚ್ಚು.

ತೋಟದ ಮನೆಯವರಿಗೆ ಇದನ್ನು ಬಿಡಿಸಿ ಹೇಳಬೇಕಾಗಿಲ್ಲ. ಸಮಯಕ್ಕೆ ಹೂಮಳೆ ಬಾರದೆ ಹೋದರೆ, ಆಮೇಲೆ ಎಷ್ಟು ಗೊಬ್ಬರ ಹಾಕಿದರೂ ಕಾಫಿಯ ಫಸಲು ಅಷ್ಟಕ್ಕಷ್ಟೆ. ಮಗುವಿನ ಮೆದುಳು, ಮೂತ್ರಪಿಂಡ, ಮೂಳೆ ಎಲ್ಲಕ್ಕೂ ಹೊಟ್ಟೆಯೊಳಗೇ ಒಂದೊಂದು ಕಾಲವಿದೆ. ಬೆನ್ನುಹುರಿಯ ಕೊಳವೆ ಮುಚ್ಚಿಕೊಳ್ಳುವುದು ಗರ್ಭ ಕಟ್ಟಿದ ನಾಲ್ಕೇ ವಾರದಲ್ಲಿ. ಆದ್ದರಿಂದ ಫೋಲಿಕ್ ಆಮ್ಲದ ಮಾತ್ರೆಯನ್ನು ಬಸುರಾಗುವ ಮೊದಲೇ ಶುರುಮಾಡುವುದು ಒಳ್ಳೆಯದು. ಕೊನೆಯ ಮೂರು ತಿಂಗಳಲ್ಲಿ ಮಗು ತಾಯಿಯಿಂದ ಕಬ್ಬಿಣಾಂಶ ತೆಗೆದು ಕೂಡಿಟ್ಟುಕೊಳ್ಳುತ್ತದೆ. ಎದೆಹಾಲಿನಲ್ಲಿ ಅದು ಕಡಿಮೆ ಇರುವುದರಿಂದ ಹುಟ್ಟಿದ ಮೇಲೆ ಆರು ತಿಂಗಳು ಆ ಗಂಟೇ ಗತಿ. ತಾಯಿಗೇ ರಕ್ತ ಕಡಿಮೆಯಾದರೆ ಮಗುವಿನ ಗಂಟೂ ಸಣ್ಣದು. ಬಸುರಿಯ ಹಿಮೋಗ್ಲೋಬಿನ್ 11ಕ್ಕಿಂತ ಕಡಿಮೆಯಿದ್ದರೆ ಅದು ರಕ್ತಹೀನತೆ.

“ಕಬ್ಬಿಣದ ಮಾತ್ರೆ ತಿಂದ್ರೆ ಮಗು ಕಪ್ಪಾಗ್ತದೆ” ಎನ್ನುವವರಿದ್ದಾರೆ. ಕಪ್ಪಾಗುವುದು ಮಲ, ಮಗುವಲ್ಲ! ದಿನಕ್ಕೊಂದರಂತೆ ಕಡಿಮೆಯೆಂದರೂ 180 ದಿನ ಮಾತ್ರೆ ನುಂಗಲೇಬೇಕು. ಕಾಫಿನಾಡಿನ ನಮಗೆ ಇನ್ನೊಂದು ಕಿವಿಮಾತು: ಊಟದ ಜೊತೆ, ಮಾತ್ರೆಯ ಜೊತೆ ಕಾಫಿ, ಟೀ ಬೇಡ. ಕಬ್ಬಿಣಾಂಶ ಸರಿಯಾಗಿ ಮೈಗೆ ಹತ್ತುವುದಿಲ್ಲ. ಒಂದು ಗಂಟೆ ಅಂತರವಿರಲಿ. ಬದಲಿಗೆ ನಮ್ಮ ಕಿತ್ತಳೆಯನ್ನೋ, ನಿಂಬೆ ಶರಬತ್ತನ್ನೋ ತೆಗೆದುಕೊಂಡರೆ ಚೆನ್ನಾಗಿ ಹತ್ತುತ್ತದೆ. ಸುಣ್ಣಾಂಶದ ಮಾತ್ರೆಯನ್ನು ಬೇರೆ ಹೊತ್ತಿನಲ್ಲಿ ನುಂಗಿ. ಎಲೆಯಡಿಕೆಯ ಜೊತೆ ಹೊಗೆಸೊಪ್ಪು ಹಾಕುವ ಅಭ್ಯಾಸವಿದ್ದರೆ ಬಿಟ್ಟುಬಿಡಿ. ಅದು ಮಗುವಿನ ತೂಕ ಇಳಿಸುತ್ತದೆ.

ಹಾಗಂತ ಇಬ್ಬರ ಊಟ ಮಾಡಬೇಕಾಗಿಲ್ಲ. ನಾಲ್ಕನೇ ತಿಂಗಳಿನಿಂದ ದಿನಕ್ಕೆ ಒಂದು ಸಣ್ಣ ಊಟದಷ್ಟು, ಅಂದರೆ ಸುಮಾರು 350 ಕ್ಯಾಲೊರಿ, ಹೆಚ್ಚು ಸೇರಿದರೆ ಸಾಕು. ದುಬಾರಿ ಡಬ್ಬಿ ಪುಡಿಯೂ ಬೇಡ. ಅಕ್ಕಿರೊಟ್ಟಿಯ ಹಿಟ್ಟಿಗೆ ಒಂದು ಹಿಡಿ ನುಗ್ಗೆಸೊಪ್ಪು ಸಣ್ಣಗೆ ಹೆಚ್ಚಿ ಹಾಕಿ ತಟ್ಟಿ. ಮೊಳಕೆ ಬಂದ ಹೆಸರುಕಾಳನ್ನು ಬೇಯಿಸಿ, ಒಗ್ಗರಣೆ ಕೊಟ್ಟು, ನಿಂಬೆರಸ ಹಿಂಡಿ ಜೊತೆಗೆ ಕೊಡಿ. ಒಂದು ಮೊಟ್ಟೆ ಅಥವಾ ಮೀನು, ಒಂದು ಲೋಟ ಹಾಲು, ಸಂಜೆಗೆ ಕಡಲೆಕಾಯಿ-ಬೆಲ್ಲದ ಚಿಕ್ಕಿ. 2017ರ ಅಕ್ಟೋಬರ್ 2ರಂದು ನಮ್ಮ ರಾಜ್ಯದಲ್ಲಿ ಶುರುವಾದ ಮಾತೃಪೂರ್ಣ ಯೋಜನೆಯ ಊಟದಲ್ಲೂ ಅನ್ನ, ಸೊಪ್ಪಿನ ಸಾಂಬಾರು, ಮೊಟ್ಟೆ, ಹಾಲು, ಚಿಕ್ಕಿಯನ್ನೇ ಸೇರಿಸಿದರು. ನಿಮ್ಮ ಊರಿನ ಅಂಗನವಾಡಿಯಲ್ಲಿ ವಿಚಾರಿಸಿ, ಹೆಸರು ಬರೆಸಿ.

ಅಜ್ಜಿಯರ ಹೆದರಿಕೆಯಲ್ಲೂ ಒಂದು ಸತ್ಯವಿದೆ ಅನ್ನಿ. ಮಗು ಅತಿಯಾಗಿ ದಪ್ಪವಾಗುವುದುಂಟು. ಅದಕ್ಕೆ ಎಷ್ಟೋ ಸಲ ಕಾರಣ ಎರಡನೇ ಸಲ ಬಡಿಸಿಕೊಂಡ ಅನ್ನವಲ್ಲ, ಬಸುರಿನಲ್ಲಿ ಕಾಣಿಸಿಕೊಳ್ಳುವ ಸಕ್ಕರೆ ಕಾಯಿಲೆ. 1997-98ರಲ್ಲಿ ಅದೇ ಮಿಷನ್ ಆಸ್ಪತ್ರೆಯಲ್ಲಿ ಬಸುರಿಯರನ್ನು ಪರೀಕ್ಷಿಸಿ, ಅವರ ಮಕ್ಕಳನ್ನು ವರ್ಷವರ್ಷ ಗಮನಿಸುತ್ತಾ ಬಂದರು. ಸಕ್ಕರೆ ಕಾಯಿಲೆಯಿದ್ದ ತಾಯಂದಿರ ಮಕ್ಕಳಲ್ಲಿ ಬೊಜ್ಜು ಹೆಚ್ಚಾಗಿರುವುದು ಕಂಡುಬಂತು. ಹಾಗಾಗಿ ಹೊಟ್ಟೆ ಕಟ್ಟುವುದಲ್ಲ, ರಕ್ತ ಪರೀಕ್ಷೆ ಮಾಡಿಸುವುದೇ ಸರಿಯಾದ ದಾರಿ. ಪ್ರತಿ ಸಲವೂ ತಾಯಿ ಕಾರ್ಡಿನಲ್ಲಿ ತೂಕ ಬರೆಸಿಕೊಳ್ಳಿ, ಏರುತ್ತಿದೆಯೋ ಇಲ್ಲವೋ ನೋಡಿ.

ಸಣ್ಣ ಮಗು ಹುಟ್ಟಿತೆಂದು ಯಾವ ತಾಯಿಯೂ ಎದೆಗುಂದಬೇಕಿಲ್ಲ. ಒಂದು ಗಂಟೆಯೊಳಗೆ ಗಿಣ್ಣುಹಾಲು, ಆರು ತಿಂಗಳು ಬರೀ ಎದೆಹಾಲು, ಆಮೇಲೆ ಅದರ ಜೊತೆ ಮೆತ್ತಗಿನ ಊಟ; ಎರಡು ವರ್ಷದವರೆಗೂ ಸರಿಪಡಿಸಲು ಅವಕಾಶವಿದೆ. ನನ್ನ ಆ ಕೂಸು ಈಗ ನನಗಿಂತ ಎತ್ತರ ಬೆಳೆದಿದ್ದಾನೆ.

ಆದರೂ ಆ ಕಷ್ಟ ಯಾಕೆ ಬೇಕು? ಎಲ್ಲರಿಗೂ ಬಡಿಸಿ, ಪಾತ್ರೆಯ ತಳದಲ್ಲಿ ಉಳಿದದ್ದನ್ನು ಉಣ್ಣುವ ನಮ್ಮ ರೂಢಿ ಬಸುರಿಯ ಮಟ್ಟಿಗಾದರೂ ನಿಲ್ಲಲಿ. ಅವಳ ತಟ್ಟೆಗೆ ಮೊದಲು ಬಡಿಸಿ. ಮೊನ್ನೆ ನಾನು ತಂಗಿಯ ಮಗಳಿಗೆ ಇನ್ನೊಂದು ರೊಟ್ಟಿ ಹಾಕಿ ಹೇಳಿದೆ: “ತಿನ್ನು ಮಗಳೇ, ಇದು ನಿನ್ನದಲ್ಲ, ಒಳಗಿರುವವರ ಪಾಲು!”