ಹಿತ್ತಲ ಮಂಟಪಕ್ಕೆ ಗಾಳಿಯ ಲೆಕ್ಕ

ಈಚೆಗೆ ನಮ್ಮ ಊರುಗಳ ಹಿತ್ತಿಲಿಗೆ ಹೊಸ ನೆಂಟನೊಬ್ಬ ಬಂದಿದ್ದಾನೆ. ಹೆಸರು ಗಜೀಬೊ. ನಾಲ್ಕು ಕಂಬ, ಮೇಲೊಂದು ಸೂರು, ಸುತ್ತ ಗೋಡೆ ಇಲ್ಲ. ಅಷ್ಟೇ. ನಮ್ಮ ತಲೆಮಾರಿನವರು ಇದನ್ನೇ ಮಂಟಪ ಅಥವಾ ಚಪ್ಪರ ಎನ್ನುತ್ತಿದ್ದೆವು. ಕಬ್ಬಿಣದ ಪೈಪು ನಿಲ್ಲಿಸಿ ತಗಡಿನ ಶೀಟು ಹೊದಿಸಿದ್ದೂ ಉಂಟು, ಅಂಗಡಿಯಿಂದ ತಂದು ಕೊಡೆಯಂತೆ ಬಿಚ್ಚಿ ನಿಲ್ಲಿಸುವ ಬಟ್ಟೆಯದೂ ಉಂಟು. ಬೆಳಿಗ್ಗೆ ಅಜ್ಜನ ಪೇಪರು, ಮಧ್ಯಾಹ್ನ ಮಕ್ಕಳ ಕೇರಂ, ಸಂಜೆ ಅಜ್ಜಿಯ ಹೂ ಕಟ್ಟುವ ಕೆಲಸ, ಎಲ್ಲಕ್ಕೂ ಇದೇ ನೆರಳು.

ತೊಂದರೆ ಇರುವುದು ಏಪ್ರಿಲ್, ಮೇ ತಿಂಗಳಲ್ಲಿ. ಅಶ್ವಿನಿ, ಭರಣಿ ಮಳೆಗಳ ಮುಂಚೆ ಬೀಸುವ ಬಿರುಗಾಳಿ ಯಾರನ್ನೂ ಕೇಳಿ ಬರುವುದಿಲ್ಲ. ಎರಡು ವರ್ಷದ ಹಿಂದೆ ನಮ್ಮ ಬೀದಿಯ ಒಂದು ಮನೆಯ ಬಟ್ಟೆ ಮಂಟಪ ಕಾಂಪೌಂಡು ಹಾರಿ ರಸ್ತೆಯಲ್ಲಿ ಮಗುಚಿ ಬಿತ್ತು. ದಿನವೂ ಆ ಹೊತ್ತಿಗೆ ಮಕ್ಕಳು ಸೈಕಲ್ ಹೊಡೆಯುವ ಜಾಗ ಅದು. ಅಂದು ಅಲ್ಲಿ ಯಾರೂ ಇರಲಿಲ್ಲ, ಪುಣ್ಯ. ಪ್ರತಿ ಸಲವೂ ಪುಣ್ಯವನ್ನೇ ನಂಬಿ ಕೂರಲಾಗದು.

ಗಾಳಿ ಎತ್ತುತ್ತದೆ

ಸೂರು ಕಟ್ಟುವಾಗ ನಾವು ಯೋಚಿಸುವುದು ಮೇಲಿನಿಂದ ಬೀಳುವ ಬಿಸಿಲು, ಮಳೆಯನ್ನು. ಆದ್ದರಿಂದ ಕಂಬ ಕುಸಿಯದಿದ್ದರೆ ಸಾಕು ಎಂದುಕೊಳ್ಳುತ್ತೇವೆ. ಗಾಳಿಯ ದಾರಿ ಬೇರೆ. ಅದು ಸೂರಿನ ಅಡಿಗೆ ನುಗ್ಗಿ ಮೇಲಕ್ಕೆ ತಳ್ಳುತ್ತದೆ. ಸೂರಿನ ಮೇಲೆ ವೇಗವಾಗಿ ಹರಿಯುವ ಗಾಳಿಯೂ ಅದನ್ನು ಮೇಲಕ್ಕೇ ಸೆಳೆಯುತ್ತದೆ. ಮಕ್ಕಳೇ, ಜೋರು ಗಾಳಿಯಲ್ಲಿ ನಿಮ್ಮ ಕೊಡೆ ಮೇಲಕ್ಕೆ ಮಗುಚಿಕೊಳ್ಳುವುದು ನೆನಪಿದೆಯಲ್ಲ? ಮಂಟಪವೆಂದರೆ ನಾಲ್ಕು ಹಿಡಿಯ ದೊಡ್ಡ ಕೊಡೆ. ಕೊಡೆಯನ್ನು ನೀವು ಕೈಯಲ್ಲಿ ಹಿಡಿದಿರುತ್ತೀರಿ. ಮಂಟಪವನ್ನು ನೆಲ ಹಿಡಿದಿರಬೇಕು.

ಮಳೆಗೆ ಮೊದಲೇ ಗಾಳಿ ಏಕೆ? ಗುಡುಗಿನ ಮೋಡದೊಳಗೆ ಮಳೆಯಿಂದ ತಣ್ಣಗಾದ ಗಾಳಿ ಭಾರವಾಗಿ ಕೆಳಗೆ ಧುಮುಕುತ್ತದೆ. ನೆಲಕ್ಕೆ ಬಡಿದು ಸುತ್ತಲೂ ಹರಡುತ್ತದೆ. ಮೋಡ ಇನ್ನೂ ದೂರದಲ್ಲಿರುವಾಗಲೇ ತಣ್ಣನೆಯ ಗಾಳಿ ಧೂಳೆಬ್ಬಿಸಿಕೊಂಡು ನಮ್ಮ ಹಿತ್ತಿಲಿಗೆ ಬಂದಿರುತ್ತದೆ.

ಜಮೆ ಎಷ್ಟು, ಖರ್ಚು ಎಷ್ಟು?

ಬ್ಯಾಂಕಿನಲ್ಲಿ ಲೆಜರ್ ಬರೆದ ಕೈ ನನ್ನದು, ಲೆಕ್ಕ ಹಾಕದೆ ಇರಲಾರದು. ಗಾಳಿಯ ವೇಗ ಎರಡು ಪಟ್ಟಾದರೆ ಅದರ ಒತ್ತಡ ನಾಲ್ಕು ಪಟ್ಟಾಗುತ್ತದೆ. ವೇಗ ಮೂರು ಪಟ್ಟಾದರೆ ಒತ್ತಡ ಒಂಬತ್ತು ಪಟ್ಟು. ಶಾಲೆಯಲ್ಲಿ ಕಲಿತ ವರ್ಗ ಸಂಖ್ಯೆಗಳೇ ಇವು.

ಹತ್ತು ಅಡಿ ಉದ್ದ, ಹತ್ತು ಅಡಿ ಅಗಲದ ಸೂರು ತೆಗೆದುಕೊಳ್ಳಿ. ಗಂಟೆಗೆ 36 ಕಿ.ಮೀ. ಗಾಳಿಯ ಒತ್ತಡವೆಲ್ಲ ಅದರ ಮೇಲೆ ಬಿದ್ದರೆ ಸುಮಾರು 57 ಕೆ.ಜಿ.ಯಷ್ಟು ಎತ್ತುವ ಬಲ. 72 ಕಿ.ಮೀ. ಆದರೆ 57ರ ನಾಲ್ಕು ಪಟ್ಟು, ಅಂದರೆ 228 ಕೆ.ಜಿ. 108 ಕಿ.ಮೀ. ಆದರೆ ಒಂಬತ್ತು ಪಟ್ಟು, 513 ಕೆ.ಜಿ. ಸೂರಿನ ಆಕಾರ, ಸುತ್ತಲಿನ ಮರ, ಗೋಡೆಗಳಿಗೆ ತಕ್ಕಂತೆ ಇದು ಹೆಚ್ಚು ಕಡಿಮೆ ಆಗುತ್ತದೆ. ಕಟ್ಟಡಗಳ ಲೆಕ್ಕಕ್ಕಾಗಿ ಇರುವ ಭಾರತೀಯ ಮಾನಕದಲ್ಲಿ ಬೆಂಗಳೂರಿಗೆ ಸೆಕೆಂಡಿಗೆ 33 ಮೀಟರ್, ಮಂಗಳೂರಿಗೆ 39 ಮೀಟರ್ ಗಾಳಿಯ ಮೂಲ ವೇಗವೆಂದು ಹಿಡಿದಿದ್ದಾರೆ. ಗಂಟೆಗೆ ಹೇಳುವುದಾದರೆ ಸುಮಾರು 119 ಮತ್ತು 140 ಕಿ.ಮೀ.

ಈಗ ಜಮೆಯ ಕಡೆ ನೋಡೋಣ. ಬಟ್ಟೆ ಮಂಟಪದ ತೂಕ ಸುಮಾರು 20 ಕೆ.ಜಿ. ಒಂದೊಂದು ಕಾಲಿಗೆ 20 ಲೀಟರ್ ನೀರಿನ ಕ್ಯಾನ್ ಕಟ್ಟಿದರೆ ಇನ್ನೊಂದು 80. ಒಟ್ಟು 100. ಸಾಧಾರಣ ಗಾಳಿಗೆ ಸಾಕು, 72 ಕಿ.ಮೀ. ಗಾಳಿಗೆ 128 ಕೆ.ಜಿ. ಕೊರತೆ!

ಈ ಕೊರತೆಯನ್ನು ನೆಲದಿಂದಲೇ ತುಂಬಬೇಕು. ನಮ್ಮ ಹಿತ್ತಿಲಿನಲ್ಲಿ ಪ್ರತಿ ಕಂಬಕ್ಕೂ ಒಂದು ಅಡಿ ಚೌಕ, ಒಂದೂವರೆ ಅಡಿ ಆಳದ ಗುಂಡಿ ತೆಗೆಸಿ ಕಾಂಕ್ರೀಟು ತುಂಬಿಸಿದೆವು. ಒಂದು ಗುಂಡಿಯ ಕಾಂಕ್ರೀಟು ಸುಮಾರು 100 ಕೆ.ಜಿ. ತೂಗುತ್ತದೆ. ನಾಲ್ಕಕ್ಕೆ 400. ಗುಂಡಿಯ ತಳವನ್ನು ಬಾಯಿಗಿಂತ ಸ್ವಲ್ಪ ಅಗಲ ಮಾಡಿಸಿದ್ದರಿಂದ ಮಣ್ಣೂ ಅದನ್ನು ಅದುಮಿ ಹಿಡಿಯುತ್ತದೆ. ಕಾಂಕ್ರೀಟಿನೊಳಗೆ ಬೋಲ್ಟು ಹುಗಿಸಿ, ಕಂಬದ ತಳದ ಪ್ಲೇಟನ್ನು ಅದಕ್ಕೆ ಬಿಗಿಸಿದೆವು.

ಶಾಮಿಯಾನದವರಿಂದ ಪಾಠ

ಕಾಂಕ್ರೀಟು ಬೇಡವೆನ್ನುವವರು ಮದುವೆಗೆ ಶಾಮಿಯಾನ ಹಾಕುವ ಹುಡುಗರನ್ನು ಗಮನಿಸಿ. ಕಬ್ಬಿಣದ ಗೂಟವನ್ನು ನೆಟ್ಟಗೆ ಹೊಡೆಯುವುದಿಲ್ಲ. ಅದರ ತಲೆ ಶಾಮಿಯಾನದಿಂದ ಆಚೆಗೆ ವಾಲಿರುತ್ತದೆ. ಹಗ್ಗ ಎಳೆದಷ್ಟೂ ಗೂಟ ಮಣ್ಣನ್ನೇ ಒತ್ತಿಕೊಳ್ಳುತ್ತದೆ, ಕಿತ್ತು ಬರುವುದಿಲ್ಲ. ಹಗ್ಗ ಕಂಬದ ತಲೆಯಿಂದ ಓರೆಯಾಗಿ ಇಳಿದು ಬರಬೇಕು. ನೈಲಾನ್ ಹಗ್ಗ ನೆನೆದಾಗ ಸಡಿಲವಾಗುತ್ತದೆ, ಮಳೆಯಾದ ಮೇಲೆ ಮತ್ತೆ ಬಿಗಿ ಮಾಡಿ. ಹಗ್ಗಕ್ಕೆ ಒಂದು ಕೆಂಪು ಬಟ್ಟೆಯ ಚೂರು ಕಟ್ಟುವುದನ್ನು ಮರೆಯಬೇಡಿ. ಮುಸ್ಸಂಜೆಯಲ್ಲಿ ಎಡವಿ ಬೀಳುವವರು ನಮ್ಮಂಥ ವಯಸ್ಸಾದವರೇ.

ಹಳೆಯ ಚಪ್ಪರದ ಜಾಣತನವನ್ನೂ ನೋಡಿ. ಹೆಣೆದ ತೆಂಗಿನ ಗರಿಯ ಸಂದಿಯಲ್ಲಿ ಗಾಳಿ ಸ್ವಲ್ಪ ತೂರಿಹೋಗುತ್ತದೆ. ಟಾರ್ಪಾಲು ಹಾಗೆ ಬಿಡುವುದಿಲ್ಲ, ಹಡಗಿನ ಹಾಯಿಯಂತೆ ಉಬ್ಬುತ್ತದೆ. ಮೂರು ಬದಿಗೆ ಪರದೆ ಕಟ್ಟಿದ ಮಂಟಪವಂತೂ ಬಾಯಿ ತೆರೆದ ಚೀಲ. ಗಾಳಿಯ ದಿನಗಳಲ್ಲಿ ಪರದೆ ಬಿಚ್ಚಿಡಿ.

ತಗಡಿನ ಸೂರಾದರೆ ಅಂಚು ಮತ್ತು ಮೂಲೆಗಳಲ್ಲಿ ಗಾಳಿಯ ಸೆಳೆತ ಹೆಚ್ಚು. ಅಲ್ಲಿ ಬೋಲ್ಟುಗಳು ಹತ್ತಿರ ಹತ್ತಿರ ಇರಲಿ, ವಾಷರ್ ಇರಲಿ. ಶೀಟು ಹಾರದಿರಲೆಂದು ಮೇಲೆ ಕಲ್ಲು ಹೇರುವ ಅಭ್ಯಾಸ ಬೇಡ. ಶೀಟು ಎದ್ದರೆ ಆ ಕಲ್ಲು ಯಾರ ತಲೆಯ ಮೇಲಾದರೂ ಬಿದ್ದೀತು. ತಾರಸಿಯ ಮೇಲಂತೂ ಗಾಳಿ ಇನ್ನೂ ಜೋರು. ಬಟ್ಟೆ ಮಂಟಪವನ್ನು ಅಲ್ಲಿ ರಾತ್ರಿಯಿಡೀ ನಿಲ್ಲಿಸಿ ಬಿಡಬೇಡಿ.

ಮಕ್ಕಳಿಗೆ ಎರಡು ಪ್ರಯೋಗ

ಒಂದು: ನಾಲ್ಕು ಐಸ್‌ಕ್ರೀಂ ಕಡ್ಡಿಗಳ ತುದಿಗೆ ಗುಂಡುಸೂಜಿ ಚುಚ್ಚಿ ಚೌಕ ಮಾಡಿ. ಮೂಲೆ ಒತ್ತಿದರೆ ವಾಲುತ್ತದೆ. ಈಗ ಓರೆಯಾಗಿ, ಸ್ವಲ್ಪ ಉದ್ದದ ಐದನೆಯ ಕಡ್ಡಿ ಸೇರಿಸಿ. ಅಲುಗುವುದಿಲ್ಲ! ಚೌಕ ಎರಡು ತ್ರಿಕೋನವಾಯಿತು. ಮಂಟಪದ ಕಂಬಕ್ಕೂ ಸೂರಿಗೂ ನಡುವೆ ಓರೆ ಪಟ್ಟಿ ಕೊಡುವುದು ಇದಕ್ಕಾಗಿಯೇ.

ಎರಡು: ಹಳೆಯ ಮದುವೆ ಕಾರ್ಡು ಸೂರು, ನಾಲ್ಕು ಊದುಬತ್ತಿ ಕಡ್ಡಿ ಕಂಬ. ಬುಡಕ್ಕೆ ನೆಲ್ಲಿಕಾಯಿ ಗಾತ್ರದ ಮಣ್ಣುಂಡೆ. ಅಜ್ಜನೋ ಅಜ್ಜಿಯೋ ಪಕ್ಕದಲ್ಲಿರುವಾಗ ಟೇಬಲ್ ಫ್ಯಾನನ್ನು ಒಂದು, ಎರಡು, ಮೂರು ಎಂದು ಏರಿಸಿ. ಎಷ್ಟರಲ್ಲಿ ಬಿತ್ತು ಎಂದು ಬರೆದುಕೊಳ್ಳಿ. ಆಮೇಲೆ ನಿಂಬೆಹಣ್ಣಿನ ಗಾತ್ರದ ಉಂಡೆ ಇಟ್ಟು, ದಾರ ಕಟ್ಟಿ ಮತ್ತೆ ನೋಡಿ.

ಗಾಳಿಯ ಗುರುತು

ಗಾಳಿಗೆ 0ಯಿಂದ 12ರವರೆಗೆ ಅಂಕ ಕೊಡುವ ಪದ್ಧತಿಗೆ ಬ್ರಿಟಿಷ್ ನೌಕಾಪಡೆಯ ಫ್ರಾನ್ಸಿಸ್ ಬೋಫರ್ಟ್ ಅವರ ಹೆಸರಿದೆ. 1805ರಲ್ಲಿ ಅವರು ಹಡಗುಗಳಿಗಾಗಿ ಇದನ್ನು ಆರಂಭಿಸಿದರು. ನೆಲದ ಮೇಲಿನ ಗುರುತುಗಳು ಆಮೇಲೆ ಸೇರಿದವು. ಧೂಳು, ಕಾಗದ ಹಾರಿದರೆ ಅಂಕ 4, ಗಂಟೆಗೆ 20ರಿಂದ 28 ಕಿ.ಮೀ. ತಂತಿ ಶಿಳ್ಳೆ ಹಾಕಿ, ಕೊಡೆ ಹಿಡಿಯುವುದು ಕಷ್ಟವಾದರೆ ಅಂಕ 6, ಗಂಟೆಗೆ 39ರಿಂದ 49 ಕಿ.ಮೀ. ಸಣ್ಣ ರೆಂಬೆ ಮುರಿದು, ನಡೆಯುವುದೇ ಕಷ್ಟವಾದರೆ ಅಂಕ 8, ಗಂಟೆಗೆ 62ರಿಂದ 74 ಕಿ.ಮೀ.

ನಮ್ಮ ಮನೆಯ ನಿಯಮ ಸರಳ. ಅಂಗಳದಲ್ಲಿ ಕಾಗದ ಹಾರಿದ ಕೂಡಲೇ ಮಂಟಪದ ಬಟ್ಟೆ ಇಳಿಸಬೇಕು, ಕುರ್ಚಿ ಒಳಗೆ ತರಬೇಕು. ಗಾಳಿ ಅದನ್ನೂ ಮೀರಿದ್ದರೆ ಬಟ್ಟೆಯ ಆಸೆ ಬಿಟ್ಟು ಎಲ್ಲರೂ ಮನೆಯೊಳಗೆ. ಹಾರುತ್ತಿರುವ ಮಂಟಪದ ಕಾಲು ಹಿಡಿದು ಯಾರೂ ಜೋತು ಬೀಳಕೂಡದು, ದೊಡ್ಡವರೂ ಕೂಡ. 228 ಕೆ.ಜಿ. ಎತ್ತುವ ಗಾಳಿಗೆ ಅಜ್ಜನೂ ಮೊಮ್ಮಗನೂ ಸೇರಿದರೂ ಲೆಕ್ಕಕ್ಕಿಲ್ಲ. ಗುಡುಗು ಕೇಳಿಸಿದರೆ ಕಬ್ಬಿಣದ ಕಂಬದ ಬಳಿ ನಿಲ್ಲುವುದೂ ಬೇಡ.

ಗಾಳಿ ಬಂದಾಗ ತೂರಿಕೋ ಎಂಬ ಮಾತು ಕಣದಲ್ಲಿ ರಾಶಿ ಮಾಡುವವರಿಗೆ ಸರಿ. ಮಂಟಪದವರು ಗಾಳಿ ಬರುವ ಮುಂಚೆಯೇ ಕಟ್ಟಿಕೊಳ್ಳಬೇಕು. ಯುಗಾದಿಯ ಬೇವು ಬೆಲ್ಲ ತಿಂದ ವಾರದಲ್ಲಿ ಒಂದು ಸಂಜೆ ಅಜ್ಜ ಸ್ಪಾನರ್ ಹಿಡಿಯಲಿ, ಮೊಮ್ಮಗಳು ಬೋಲ್ಟು ಎಣಿಸಲಿ. ಸಡಿಲವಾದದ್ದು ಎಷ್ಟು, ತುಕ್ಕು ಹಿಡಿದದ್ದು ಎಷ್ಟು, ಸವೆದ ಹಗ್ಗ ಎಷ್ಟು ಎಂದು ಒಂದು ಪುಸ್ತಕದಲ್ಲಿ ತಾರೀಕು ಹಾಕಿ ಬರೆದಿಡಿ. ಮುಂದಿನ ವರ್ಷ ಅದೇ ಪುಟ ತೆರೆದು ತಾಳೆ ನೋಡಬಹುದು.