ನಿಮಗಿದು ಗೊತ್ತೆ? ಟ್ರ್ಯಾಕ್ಟರ್‌ಗೂ ಲೈಸೆನ್ಸ್ ಬೇಕು

ಭತ್ತ, ಹತ್ತಿಯ ಸುಗ್ಗಿ ಬಂತೆಂದರೆ ರಂಗಂಪೇಟೆ, ಸುರಪುರ, ಶಹಾಪುರದ ರಸ್ತೆಗಳಲ್ಲಿ ಟ್ರ್ಯಾಕ್ಟರ್‌ಗಳದೇ ಓಡಾಟ. ಅದನ್ನು ರಸ್ತೆಗಿಳಿಸಲೂ ಲೈಸೆನ್ಸ್ ಬೇಕು, 18 ವರ್ಷ ತುಂಬಿರಬೇಕು. ‘ಹೊಲಕ್ಕ ಹೋಗಿ ಬರ್ತಾನ, ಬಿಡ್ರಿ’ ಎಂದು ಮಗನ ಕೈಗೆ ಕೀಲಿ ಕೊಡುವವರು ಗಮನಿಸಬೇಕು: ಮೋಟಾರು ವಾಹನ ಕಾಯ್ದೆಯ 2019ರ ತಿದ್ದುಪಡಿಯಂತೆ, ಅಪ್ರಾಪ್ತರು ವಾಹನ ಓಡಿಸಿ ತಪ್ಪೆಸಗಿದರೆ ಪಾಲಕರಿಗೆ ಅಥವಾ ಮಾಲೀಕರಿಗೆ 3 ವರ್ಷದವರೆಗೆ ಜೈಲು, 25,000 ರೂಪಾಯಿ ದಂಡ. ವಾಹನದ ನೋಂದಣಿ 12 ತಿಂಗಳು ರದ್ದು. ಹುಡುಗನಿಗೆ 25 ತುಂಬುವವರೆಗೆ ಲೈಸೆನ್ಸ್ ಸಿಗದು.

ಕಲಿಕಾ ಲೈಸೆನ್ಸ್ ಪಡೆದು 30 ದಿನ ಕಳೆದ ಮೇಲಷ್ಟೇ ಚಾಲನಾ ಪರೀಕ್ಷೆ. ಕಾರಿನಂಥ ಸ್ವಂತ ಬಳಕೆಯ ವಾಹನಕ್ಕೆ ಡ್ರೈವಿಂಗ್ ಸ್ಕೂಲಿನ ತರಬೇತಿ ಕನಿಷ್ಠ 21 ದಿನ, ಅದರಲ್ಲಿ 10 ತಾಸು ಸ್ಟೇರಿಂಗ್ ಹಿಡಿದಿರಬೇಕು. ನಮ್ಮ ಭಾಗದವರಿಗೆ ಇಷ್ಟು ಸಾಲದು, ರಾತ್ರಿ ಓಡಿಸುವುದನ್ನೂ ಅನುಭವಿಗಳ ಪಕ್ಕ ಕೂತು ಕಲಿಯಬೇಕು.

ಕಾರಣವಿದೆ. 60 ಕಿ.ಮೀ. ವೇಗದ ಬೈಕ್ ಒಂದು ಸೆಕೆಂಡಿನಲ್ಲಿ ಸುಮಾರು 17 ಮೀಟರ್ ಸಾಗುತ್ತದೆ. ಮುಂದಿರುವುದು ಟ್ರಾಲಿ ಎಂದು ತಿಳಿದು ಬ್ರೇಕ್ ಒತ್ತುವ ಮೊದಲೇ ಅಷ್ಟು ದೂರ ಮುಗಿದಿರುತ್ತದೆ. ಹತ್ತಿ ಹೇರಿದ ಟ್ರಾಲಿಯಲ್ಲಿ ಉಬ್ಬಿದ ಹೊರೆ ಹಿಂದಿನ ಕೆಂಪು ರಿಫ್ಲೆಕ್ಟರನ್ನೇ ಮುಚ್ಚಿಬಿಡುತ್ತದೆ, ಗದ್ದೆಯಿಂದ ಬಂದದ್ದರಲ್ಲಿ ಅದಕ್ಕೆ ಕೆಸರು ಮೆತ್ತಿರುತ್ತದೆ. ಹೊರಡುವ ಮುಂಚೆ ಹಳೆಯ ಅರಿವೆಯಿಂದ ಒರೆಸಿ, ಹಗ್ಗ ಬಿಗಿದು, ಹಿಂದಿನ ದೀಪ ಹತ್ತುತ್ತದೆಯೇ ನೋಡಿ.

ಇನ್ನೊಂದು: ಅಪಘಾತದ ಗಾಯಾಳುವನ್ನು ಆಸ್ಪತ್ರೆಗೆ ಸೇರಿಸಿದವರು ತಮ್ಮ ಹೆಸರು, ವಿಳಾಸ ಹೇಳಲೇಬೇಕೆಂದು ಪೊಲೀಸರಾಗಲಿ ಆಸ್ಪತ್ರೆಯವರಾಗಲಿ ಒತ್ತಾಯಿಸುವಂತಿಲ್ಲ.