ಮುದ್ದೆಯ ತಟ್ಟೆಯೋ, ಅಮೈನೊ ಡಬ್ಬವೋ?

ಬೆಳಗಿನ ಐದೂವರೆ ಗಂಟೆ. ಹುಣಸೂರಿನಲ್ಲಿ ಇನ್ನೂ ಮಂಜು ಸರಿದಿರುವುದಿಲ್ಲ. ಆಗಲೇ ಮೈದಾನದಲ್ಲಿ ಓಟದ ಸದ್ದು. ಪೊಲೀಸ್ ಪೇದೆ ಹುದ್ದೆಗೋ, ಸೇನೆಯ ಅಗ್ನಿವೀರ ರ್‍ಯಾಲಿಗೋ ಕನಸು ಕಟ್ಟಿಕೊಂಡ ಹುಡುಗರು 1600 ಮೀಟರ್ ಓಡಿ, ಕಂಬಿಗೆ ಜೋತುಬಿದ್ದು, ಬಸ್ಕಿ ಹೊಡೆದು ಬೆವರು ಸುರಿಸುತ್ತಾರೆ. ಪಿರಿಯಾಪಟ್ಟಣ, ಕೆ.ಆರ್.ನಗರ, ಎಚ್.ಡಿ.ಕೋಟೆಗಳಲ್ಲೂ ಇಂಥದೇ ನೋಟ. ಮರುದಿನ ತೊಡೆ, ಮೀನಖಂಡಗಳು ಹಿಡಿದುಕೊಂಡು ಮೆಟ್ಟಿಲು ಇಳಿಯುವುದೂ ಕಷ್ಟ. ಆಗ ಜೊತೆಗಾರನೊಬ್ಬ ಹೇಳುತ್ತಾನೆ: ‘ಅಮೈನೊ ತಗೊಳ್ಳೋ, ನೋವೇ ಇರಲ್ಲ.’

ಮನೆಯಲ್ಲಿ ಹಠ ಶುರುವಾಗುತ್ತದೆ. ಡೇರಿಯ ಬಟವಾಡೆ ಬಂದ ದಿನ ಅಪ್ಪ ಮನಸ್ಸಿಲ್ಲದ ಮನಸ್ಸಿನಿಂದ ದುಡ್ಡು ಎಣಿಸಿ ಕೊಡುತ್ತಾನೆ. ಹಸುವಿನ ಹಾಲು ಕ್ಯಾನಿನಲ್ಲಿ ಊರಾಚೆ ಹೋಗಿ, ಅದರ ಹಣ ಬಣ್ಣದ ಡಬ್ಬವಾಗಿ ಮನೆಗೆ ಬರುತ್ತದೆ! ಈ ವ್ಯಾಪಾರದಲ್ಲಿ ಲಾಭ ಯಾರಿಗೆ, ನಷ್ಟ ಯಾರಿಗೆ?

ಅಮೈನೊ ಆಮ್ಲ ಎಂದರೇನು?

ಪ್ರೋಟೀನು ಎಂಬುದು ಒಂದು ಗೋಡೆಯಾದರೆ ಅಮೈನೊ ಆಮ್ಲಗಳು ಅದರ ಕಲ್ಲುಗಳು. ನಮ್ಮ ದೇಹದ ಪ್ರೋಟೀನುಗಳನ್ನು ಕಟ್ಟಲು ಇಪ್ಪತ್ತು ಬಗೆಯ ಅಮೈನೊ ಆಮ್ಲಗಳು ಬೇಕು. ಇವುಗಳಲ್ಲಿ ಒಂಬತ್ತನ್ನು ದೇಹ ತಾನಾಗಿ ತಯಾರಿಸಿಕೊಳ್ಳಲಾರದು. ಅವು ಊಟದಿಂದಲೇ ಬರಬೇಕು. ಲ್ಯೂಸಿನ್, ಐಸೊಲ್ಯೂಸಿನ್, ವ್ಯಾಲಿನ್, ಲೈಸಿನ್, ಮೆಥಿಯೊನಿನ್, ಥ್ರಿಯೊನಿನ್, ಟ್ರಿಪ್ಟೊಫ್ಯಾನ್, ಫಿನೈಲಲನಿನ್ ಮತ್ತು ಹಿಸ್ಟಿಡಿನ್ ಎಂಬುವೇ ಆ ಒಂಬತ್ತು. ಇವುಗಳ ಪೈಕಿ ಥ್ರಿಯೊನಿನ್ ಅನ್ನು 1935ರಲ್ಲಿ ಅಮೆರಿಕದ ವಿಜ್ಞಾನಿ ವಿಲಿಯಂ ರೋಸ್ ಪತ್ತೆಮಾಡಿದರು. ಯಾವ ಆಮ್ಲ ಮನುಷ್ಯನಿಗೆ ಅನಿವಾರ್ಯ ಎಂದು ತಿಳಿಯಲು ಅವರು ಮುಂದೆ ಪರೀಕ್ಷೆ ನಡೆಸಿದ್ದು ತಮ್ಮ ವಿಶ್ವವಿದ್ಯಾಲಯದ ವಿದ್ಯಾರ್ಥಿಗಳಿಗೇ ಲೆಕ್ಕಹಾಕಿದ ಆಹಾರ ಕೊಟ್ಟು!

ಕಸರತ್ತು ಮಾಡಿದಾಗ ಸ್ನಾಯುವಿನ ಎಳೆಗಳಲ್ಲಿ ಸಣ್ಣಪುಟ್ಟ ಬಿರುಕುಗಳಾಗುತ್ತವೆ. ಹೊಸ ವ್ಯಾಯಾಮ ಮಾಡಿದ ಒಂದರಿಂದ ಮೂರು ದಿನ ಕಾಡುವ ನೋವಿಗೆ ಇದೇ ಮುಖ್ಯ ಕಾರಣ. ದೇಹ ಆ ಬಿರುಕುಗಳನ್ನು ದುರಸ್ತಿ ಮಾಡುತ್ತ ಸ್ನಾಯುವನ್ನು ಮೊದಲಿಗಿಂತ ಗಟ್ಟಿ ಮಾಡುತ್ತದೆ. ಈ ದುರಸ್ತಿಗೇ ಅಮೈನೊ ಆಮ್ಲಗಳು ಬೇಕಾಗುವುದು.

ಮೇಸ್ತ್ರಿ ಬಂದ, ಕಲ್ಲು ಬರಲಿಲ್ಲ

ಜಿಮ್‌ಗಳಲ್ಲಿ ‘ಬಿಸಿಎಎ’ ಎಂಬ ಹೆಸರಿನಲ್ಲಿ ಮಾರಾಟವಾಗುವ ಪುಡಿಯಲ್ಲಿ ಇರುವುದು ಲ್ಯೂಸಿನ್, ಐಸೊಲ್ಯೂಸಿನ್, ವ್ಯಾಲಿನ್ ಎಂಬ ಮೂರು ಮಾತ್ರ. ಸಾಮಾನ್ಯವಾಗಿ 2:1:1ರ ಪ್ರಮಾಣದಲ್ಲಿ. ಇವುಗಳಲ್ಲಿ ಲ್ಯೂಸಿನ್‌ಗೆ ಒಂದು ವಿಶೇಷ ಗುಣವಿದೆ. ಸ್ನಾಯು ಕಟ್ಟುವ ಕೆಲಸ ಶುರುಮಾಡಿ ಎಂದು ಜೀವಕೋಶಗಳಿಗೆ ಸೂಚನೆ ಕೊಡುವುದು ಅದೇ. ಅಂದರೆ ಲ್ಯೂಸಿನ್ ಕೆಲಸಕ್ಕೆ ಕೂಗು ಹಾಕುವ ಮೇಸ್ತ್ರಿ ಇದ್ದಂತೆ. ಆದರೆ ಮೇಸ್ತ್ರಿ ಬಂದು ಎಷ್ಟು ಕೂಗಿದರೇನು? ಉಳಿದ ಆರು ಬಗೆಯ ಕಲ್ಲು ಬಂದು ಬೀಳದಿದ್ದರೆ ಗೋಡೆ ಏಳುವುದಿಲ್ಲ. ಆಗ ದೇಹ ತನ್ನದೇ ಪ್ರೋಟೀನನ್ನು ಒಡೆದು ಆ ಕೊರತೆ ತುಂಬಿಕೊಳ್ಳಬೇಕಾಗುತ್ತದೆ. ಈ ಮೂರು ಆಮ್ಲಗಳನ್ನಷ್ಟೇ ತಿಂದು ಸ್ನಾಯು ಬೆಳೆಸಬಹುದು ಎಂಬ ಮಾತಿಗೆ ಆಧಾರವಿಲ್ಲ ಎಂದು 2017ರಲ್ಲಿ ಪ್ರಕಟವಾದ ವಿಮರ್ಶಾ ಲೇಖನವೊಂದು ತೀರ್ಮಾನಿಸಿತು. ಕೆಲವು ಪ್ರಯೋಗಗಳಲ್ಲಿ ಮೈಕೈ ನೋವು ಸ್ವಲ್ಪ ತಗ್ಗಿದ್ದುಂಟು. ಆದರೆ ದಿನದ ಊಟದಲ್ಲಿ ಸಾಕಷ್ಟು ಪ್ರೋಟೀನು ಇರುವವರಿಗೆ ಈ ಪುಡಿಯಿಂದ ಹೆಚ್ಚುವರಿ ಪ್ರಯೋಜನ ತೀರ ಕಡಿಮೆ.

ಒಂಬತ್ತೂ ಆಮ್ಲಗಳಿರುವ ‘ಇಎಎ’ ಪುಡಿ ಇದಕ್ಕಿಂತ ವಾಸಿ. ಹಾಲಿನಿಂದ ಚೀಸ್ ಮಾಡಿದ ಮೇಲೆ ಉಳಿಯುವ ತಿಳಿನೀರಿನಿಂದ ತಯಾರಾಗುವ ‘ವೇ’ ಪ್ರೋಟೀನಿನಲ್ಲೂ ಒಂಬತ್ತೂ ಇವೆ. ಆದರೆ ಈ ಒಂಬತ್ತೂ ಮನೆಯ ಹಾಲಿನಲ್ಲೂ, ಮೊಟ್ಟೆಯಲ್ಲೂ ಇವೆಯಲ್ಲ!

ಅಜ್ಜಿಯ ಅಡುಗೆಯ ಲೆಕ್ಕ

ಮೈಸೂರು ಸೀಮೆಗೆ ಕಸರತ್ತು ಹೊಸದೇನಲ್ಲ. ದಸರೆಯ ಕುಸ್ತಿಗೆ ಇಂದೂ ಜನ ಮುಗಿಬೀಳುತ್ತಾರೆ. ಮೈಸೂರಿನ ದೊಡ್ಡಕೆರೆ ಮೈದಾನದ ಕುಸ್ತಿ ಅಖಾಡಕ್ಕೆ ಹೆಸರಾಗಿರುವ ಡಿ. ದೇವರಾಜ ಅರಸು ಹುಣಸೂರು ತಾಲ್ಲೂಕಿನ ಕಲ್ಲಹಳ್ಳಿಯವರು. ಗರಡಿಮನೆಯ ಮಟ್ಟಿಯಲ್ಲಿ ಸಾಮು ಮಾಡಿದ ಪೈಲ್ವಾನರು ಹಾಲು, ತುಪ್ಪ, ಬಾದಾಮಿ, ಕಾಳು ತಿಂದು ಮೈ ಕಟ್ಟಿದವರು.

ಈ ಭಾಗದ ಊಟದಲ್ಲಿ ಒಂದು ಜಾಣತನವಿದೆ. ರಾಗಿಯಲ್ಲಿ ಲೈಸಿನ್ ಕಡಿಮೆ, ಮೆಥಿಯೊನಿನ್ ಚೆನ್ನಾಗಿದೆ. ಹುರುಳಿ, ಅವರೆಗಳಲ್ಲಿ ಮೆಥಿಯೊನಿನ್ ಕಡಿಮೆ, ಲೈಸಿನ್ ಧಾರಾಳ. ಮುದ್ದೆಯನ್ನು ಹುರುಳಿ ಸಾರಿಗೆ ಅದ್ದಿ ನುಂಗಿದಾಗ ಒಂದರ ಕೊರತೆಯನ್ನು ಇನ್ನೊಂದು ತುಂಬುತ್ತದೆ. ಅನ್ನಕ್ಕೆ ಬೇಳೆ ಬೆರೆತಾಗಲೂ ಹೀಗೆಯೇ. ಆದರೆ ಇಲ್ಲೊಂದು ಎಚ್ಚರ: ಹುರುಳಿ ಬೇಯಿಸಿದ ಕಟ್ಟನ್ನಷ್ಟೇ ಸಾರು ಮಾಡಿ ಕಾಳನ್ನು ದನಕ್ಕೆ ಹಾಕಿದರೆ ಪ್ರೋಟೀನಿನ ಹೆಚ್ಚಿನ ಪಾಲು ದನದ ಹೊಟ್ಟೆ ಸೇರುತ್ತದೆ. ಕಾಳು ತಟ್ಟೆಗೆ ಬರಬೇಕು.

ಮೈಸೂರಿನ ಚೆಲುವಾಂಬ ಮ್ಯಾನ್ಷನ್‌ನಲ್ಲಿ 1950ರಲ್ಲಿ ಶುರುವಾದ ಕೇಂದ್ರೀಯ ಆಹಾರ ಸಂಶೋಧನಾಲಯ, ಅಂದರೆ ಸಿಎಫ್‌ಟಿಆರ್‌ಐ, ಆರಂಭದ ವರ್ಷಗಳಲ್ಲಿ ಕಡಲೆಕಾಯಿ ಹಿಟ್ಟು, ಕಡಲೆ ಹಿಟ್ಟು ಬೆರೆಸಿ ‘ವಿವಿಧೋದ್ದೇಶ ಆಹಾರ’ ತಯಾರಿಸಿದ್ದೂ ಅಗ್ಗದ ಪದಾರ್ಥಗಳಿಂದ ಒಳ್ಳೆಯ ಪ್ರೋಟೀನು ಒದಗಿಸುವುದಕ್ಕಾಗಿಯೇ.

ಎಷ್ಟು ಬೇಕು?

ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಳಿಯ 2020ರ ಶಿಫಾರಸಿನಂತೆ ವಯಸ್ಕರಿಗೆ ದೇಹದ ತೂಕದ ಪ್ರತಿ ಕಿಲೋಗೆ ದಿನಕ್ಕೆ 0.83 ಗ್ರಾಂ ಪ್ರೋಟೀನು ಸಾಕು. ನಿತ್ಯ ಕಠಿಣ ವ್ಯಾಯಾಮ ಮಾಡುವವರಿಗೆ 1.4ರಿಂದ 2 ಗ್ರಾಂ ಎಂದು ಕ್ರೀಡಾ ಪೋಷಣೆಯ ತಜ್ಞರ ಅಂತರರಾಷ್ಟ್ರೀಯ ಸಂಘವೊಂದು 2017ರಲ್ಲಿ ಹೇಳಿದೆ. 60 ಕಿಲೋ ತೂಕದ ಯುವಕನಿಗೆ 1.4ರಂತೆ 84 ಗ್ರಾಂ ಆಯಿತು. ಇದನ್ನು ಮನೆಯಲ್ಲಿ ಹೊಂದಿಸಬಹುದೇ?

ಎರಡು ಮುದ್ದೆಗೆ 200 ಗ್ರಾಂ ರಾಗಿ ಹಿಟ್ಟು: 14 ಗ್ರಾಂ ಪ್ರೋಟೀನು. ಅನ್ನಕ್ಕೆ 150 ಗ್ರಾಂ ಅಕ್ಕಿ: 12 ಗ್ರಾಂ. ಹುರುಳಿ ಅಥವಾ ಅವರೆ ಕಾಳು 75 ಗ್ರಾಂ: 16 ಗ್ರಾಂ. ಅರ್ಧ ಲೀಟರ್ ಹಾಲು, ಮೊಸರು: 16 ಗ್ರಾಂ. ಎರಡು ಮೊಟ್ಟೆ: 13 ಗ್ರಾಂ. ಒಂದು ಹಿಡಿ, ಅಂದರೆ 50 ಗ್ರಾಂ ಕಡಲೆಕಾಯಿ ಬೀಜ: 12 ಗ್ರಾಂ. ಒಟ್ಟು 83 ಗ್ರಾಂ! ಮೊಟ್ಟೆ ತಿನ್ನದವರು ಕಾಳು, ಹಾಲು ಹೆಚ್ಚಿಸಿಕೊಳ್ಳಬಹುದು. ಇಷ್ಟನ್ನೂ ಒಂದೇ ಊಟದಲ್ಲಿ ತಿನ್ನದೆ ಮೂರು ನಾಲ್ಕು ಹೊತ್ತಿಗೆ ಹಂಚಿಕೊಳ್ಳಬೇಕು. ಬೆಳಗಿನ ಓಟ ಮುಗಿಸಿ ಬಂದು ಬರೀ ಕಾಫಿ ಕುಡಿದು ಕಾಲೇಜಿಗೆ ಓಡುವುದೇ ಹಲವರು ಮಾಡುವ ತಪ್ಪು. ಎರಡು ಮೊಟ್ಟೆ, ಒಂದು ಲೋಟ ಹಾಲು, ಹಿಡಿ ಕಡಲೆಕಾಯಿ ಆ ಹೊತ್ತಿಗೆ ತಕ್ಕ ಆಹಾರ.

ಕೊಳ್ಳಲೇಬೇಕಾದರೆ...

ಹಾಸ್ಟೆಲಿನಲ್ಲಿದ್ದು ಊಟ ಸರಿಹೋಗದವರು, ದಿನಕ್ಕೆ ಎರಡು ಹೊತ್ತು ತರಬೇತಿ ಮಾಡುವ ಕ್ರೀಡಾಪಟುಗಳು ಪುಡಿಯ ಮೊರೆ ಹೋಗುವುದುಂಟು. ಅಂಥವರು ಬಿಸಿಎಎ ಬದಲು ಒಂಬತ್ತೂ ಆಮ್ಲಗಳಿರುವ ವೇ ಪ್ರೋಟೀನನ್ನೇ ಆರಿಸುವುದು ಮೇಲು. ಕೊಳ್ಳುವ ಮುನ್ನ ಒಂದು ಸಣ್ಣ ಭಾಗಾಕಾರ ಮಾಡಬೇಕು: ಡಬ್ಬದ ಬೆಲೆಯನ್ನು ಅದರಲ್ಲಿರುವ ಒಟ್ಟು ಪ್ರೋಟೀನಿನ ಗ್ರಾಂಗಳಿಂದ, ಒಂದು ಮೊಟ್ಟೆಯ ಬೆಲೆಯನ್ನು 6ರಿಂದ ಭಾಗಿಸಿದರೆ ಯಾವುದು ದುಬಾರಿ ಎಂದು ತಾನೇ ತಿಳಿಯುತ್ತದೆ.

ಡಬ್ಬದ ಮೇಲೆ ಎಫ್‌ಎಸ್‌ಎಸ್‌ಎಐನ 14 ಅಂಕಿಗಳ ಪರವಾನಗಿ ಸಂಖ್ಯೆ, ಬ್ಯಾಚ್ ಸಂಖ್ಯೆ, ತಯಾರಿಕೆಯ ಮತ್ತು ಮುಗಿಯುವ ದಿನಾಂಕ ಇರಬೇಕು. ಪ್ರತಿ ಆಮ್ಲದ ಪ್ರಮಾಣ ಬಿಡಿಯಾಗಿ ಹೇಳದೆ ‘ವಿಶೇಷ ಮಿಶ್ರಣ’ ಎಂದಷ್ಟೇ ಬರೆದಿದ್ದರೆ ದೂರವಿಡುವುದು ಒಳಿತು. ಪ್ರೋಟೀನನ್ನು ಅಳೆಯುವ ಸಾಮಾನ್ಯ ಪರೀಕ್ಷೆ ಲೆಕ್ಕಹಾಕುವುದು ಸಾರಜನಕವನ್ನು. ಅಗ್ಗದ ಗ್ಲೈಸಿನ್, ಟಾರಿನ್ ಬೆರೆಸಿ ಅಂಕಿ ಹೆಚ್ಚಿಸಿ ತೋರಿಸುವ ಮೋಸ ನಡೆಯುವುದು ಇದರಿಂದಲೇ. 2024ರಲ್ಲಿ ಪ್ರಕಟವಾದ ಅಧ್ಯಯನವೊಂದು ಭಾರತದ ಮಾರುಕಟ್ಟೆಯ 36 ಪ್ರೋಟೀನ್ ಪುಡಿಗಳನ್ನು ಪರೀಕ್ಷಿಸಿದಾಗ ಸುಮಾರು ಶೇ 70ರಷ್ಟರಲ್ಲಿ ಡಬ್ಬದ ಮೇಲಿನ ಪ್ರೋಟೀನ್ ಲೆಕ್ಕ ಸರಿ ಇರಲಿಲ್ಲ. ಅದೇ ವರ್ಷ ಹೈದರಾಬಾದಿನ ರಾಷ್ಟ್ರೀಯ ಪೋಷಣಾ ಸಂಸ್ಥೆಯು ಮೈ ಬೆಳೆಸಲೆಂದು ಪ್ರೋಟೀನ್ ಪುಡಿ ತಿನ್ನುವುದು ಬೇಡ ಎಂದು ಸಲಹೆ ನೀಡಿತು.

ಕ್ರೀಡಾಕೂಟಗಳಿಗೆ ಹೋಗುವವರಿಗೆ ಇನ್ನೊಂದು ಅಪಾಯ. ಕಲಬೆರಕೆ ಪುಡಿಯಲ್ಲಿ ನಿಷೇಧಿತ ಮದ್ದು ಸೇರಿದ್ದು ಪರೀಕ್ಷೆಯಲ್ಲಿ ಸಿಕ್ಕಿಬಿದ್ದರೆ ‘ನನಗೆ ಗೊತ್ತಿರಲಿಲ್ಲ’ ಎಂದರೆ ಬಿಡುವುದಿಲ್ಲ; ಮೈಯೊಳಗೆ ಏನು ಹೋಯಿತೆಂಬುದಕ್ಕೆ ಹೊಣೆ ಕ್ರೀಡಾಪಟುವೇ. ವರ್ಷಗಳ ಬೆವರು ಒಂದು ಚಮಚೆಯಲ್ಲಿ ನೀರುಪಾಲು! ಹದಿನೆಂಟು ತುಂಬದವರು, ಮೂತ್ರಪಿಂಡ ಅಥವಾ ಯಕೃತ್ತಿನ ತೊಂದರೆ ಇರುವವರು ವೈದ್ಯರನ್ನು ಕೇಳದೆ ಇಂಥ ಪುಡಿಗಳನ್ನು ಮುಟ್ಟಲೇಬಾರದು. ಜಿಮ್‌ನಲ್ಲಿ ಯಾರಾದರೂ ಚುಚ್ಚುಮದ್ದಿನ ಮಾತೆತ್ತಿದರೆ ಅಂದೇ ಆ ಜಾಗ ಬಿಡಬೇಕು.

ನಿದ್ದೆಗೆ ಡಬ್ಬವಿಲ್ಲ

ದಣಿದ ಸ್ನಾಯು ಚೇತರಿಸಿಕೊಳ್ಳಲು ಊಟದಷ್ಟೇ ಮುಖ್ಯ ನಿದ್ದೆ. ರಾತ್ರಿ ಹನ್ನೆರಡರವರೆಗೆ ಮೊಬೈಲು ಹಿಡಿದು ಐದಕ್ಕೆ ಎದ್ದು ಓಡುವವನಿಗೆ ಯಾವ ಪುಡಿಯೂ ನೆರವಾಗದು. ಎಂಟು ಗಂಟೆಯ ನಿದ್ದೆ ಬೇಕು. ಬೆವರಿಗೆ ತಕ್ಕ ನೀರು, ಉಪ್ಪು ಹಾಕಿದ ಮಜ್ಜಿಗೆ ಬೇಕು. ವಾರಕ್ಕೆ ಒಂದು ದಿನವಾದರೂ ಮೈಗೆ ಬಿಡುವು ಬೇಕು. ಓಟದ ದೂರವನ್ನು ವಾರ ವಾರಕ್ಕೂ ಸ್ವಲ್ಪ ಸ್ವಲ್ಪವೇ ಹೆಚ್ಚಿಸಿದರೆ ನೋವೂ ಕಡಿಮೆ. ನೋವು ವಾರವಾದರೂ ಬಿಡದಿದ್ದರೆ, ಮೂತ್ರ ಕಾಫಿ ಬಣ್ಣಕ್ಕೆ ತಿರುಗಿದರೆ ತಡಮಾಡದೆ ಆಸ್ಪತ್ರೆಗೆ ಹೋಗಬೇಕು.

ಮಕ್ಕಳು ಡಬ್ಬ ಕೇಳಿದಾಗ ಬೈಯುವ ಬದಲು ತಂದೆತಾಯಿ ಅವರ ಜೊತೆ ಕುಳಿತು ಮೇಲಿನ ಲೆಕ್ಕವನ್ನು ಒಮ್ಮೆ ಮಾಡಿ ನೋಡಲಿ. ಡೇರಿಗೆ ಹಾಲು ಅಳೆಯುವ ಮುಂಚೆ ಮನೆಯ ಓಟಗಾರನ ಪಾಲಿನ ಅರ್ಧ ಲೀಟರ್ ಎತ್ತಿಟ್ಟರೆ, ಬಟವಾಡೆಯಲ್ಲಿ ಕೊಂಚ ಕಡಿಮೆಯಾದೀತು. ಆದರೆ ಡಬ್ಬದ ಖರ್ಚು ಉಳಿಯುತ್ತದೆ; ಮಗನ ಮೈಗೆ ಏನು ಹೋಗುತ್ತಿದೆ ಎಂಬುದೂ ಮನೆಯವರಿಗೆ ತಿಳಿದಿರುತ್ತದೆ.